ಲಜ್ಜೆಯ ಹೆಸರಿನಲ್ಲಿ ರೋಗವನ್ನು ಅಡಗಿಸಬೇಕೇ?

ಮದುವೆ ಮನೆಗೆ ಬರಲೊಪ್ಪದ ಅತ್ತೆ, ಬಸ್ಸು ಪ್ರಯಾಣವೆಂದರೆ ಹಿಂದಿನ ರಾತ್ರಿಯಿಂದಲೇ ನೀರು ಬಿಡುವ ತಾಯಿ, ಬಟ್ಟೆ ಶುದ್ಧವಿಲ್ಲವೆಂದು ಕುರ್‌ಆನ್ ತರಗತಿ ನಿಲ್ಲಿಸಿದ ಅಕ್ಕ. ಇಂಥವರು ನಮ್ಮ ಮನೆಗಳಲ್ಲೇ ಇದ್ದಾರೆ. ಕಾರಣ ಕೇಳಿದರೆ ಮೌನ. ಕೆಮ್ಮಿದಾಗ, ನಕ್ಕಾಗ, ಭಾರ ಎತ್ತಿದಾಗ ಮೂತ್ರ ಹನಿಯುವುದನ್ನು, ಶೌಚಾಲಯ ತಲುಪುವ ಮುನ್ನವೇ ಹಿಡಿತ ತಪ್ಪುವುದನ್ನು ನಾವು ‘ಹೆರಿಗೆಯಾದವರಿಗೆ ಇದೆಲ್ಲ ಸಹಜ’ ಎಂದು ತಳ್ಳಿಹಾಕುತ್ತೇವೆ. ಆದರೆ ಇದು ಹಣೆಬರಹವಲ್ಲ; ಚಿಕಿತ್ಸೆಯಿರುವ ತೊಂದರೆ.

ಆ ಚಿಕಿತ್ಸೆ ಶಸ್ತ್ರಕ್ರಿಯೆಯಿಂದ ಆರಂಭವಾಗುವುದಿಲ್ಲ. ಸೋಂಕು ಮತ್ತು ಮಧುಮೇಹ ಇದೆಯೇ ಎಂದು ವೈದ್ಯರು ಮೊದಲು ಪರೀಕ್ಷಿಸುತ್ತಾರೆ. ಕೆಮ್ಮಿದಾಗ ಹನಿಯುವವರಿಗೆ ಮೂತ್ರಕೋಶವನ್ನು ಕೆಳಗಿನಿಂದ ಆಧರಿಸುವ ಸ್ನಾಯುಗಳ ವ್ಯಾಯಾಮವೇ ಮೊದಲ ಮದ್ದು. ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲೇ ಇದನ್ನು ಪ್ರಚುರಪಡಿಸಿದರು. ಮೂತ್ರ ತಡೆಹಿಡಿಯುವಂತೆ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವುದನ್ನು ಒಮ್ಮೆಗೆ 8 ಬಾರಿಯಂತೆ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಮಾಡಬೇಕು. ಅವಸರ ತಡೆಯಲಾಗದವರು ಶೌಚಕ್ಕೆ ಹೋಗುವ ಅಂತರವನ್ನು ಮೆಲ್ಲನೆ ಹೆಚ್ಚಿಸುವ ಅಭ್ಯಾಸವನ್ನು ಕನಿಷ್ಠ 6 ವಾರ ಮಾಡಬೇಕು. ಚಹಾ, ಕಾಫಿ ತಗ್ಗಿಸಬೇಕು. ಸಾಲದಿದ್ದರೆ ಮಾತ್ರೆಗಳಿವೆ. ಅತಿತೂಕ ಇಳಿಸಿದರೂ ಉಪಶಮನವಿದೆ. ನೀರನ್ನೇ ತ್ಯಜಿಸುವುದು ಮಾತ್ರ ಹಾನಿಕರ. ಶಸ್ತ್ರಕ್ರಿಯೆ ಕೊನೆಯ ಹಾದಿ. ಇದಕ್ಕೆ ಬಳಸುವ ಕೃತಕ ಜಾಲರಿಯಿಂದ ಹಲವರಿಗೆ ತೊಂದರೆಯಾಗಿ, ಇಂಗ್ಲೆಂಡಿನಲ್ಲಿ 2018ರಲ್ಲಿ ಅದರ ಬಳಕೆಗೆ ತಡೆ ಬಿದ್ದಿತ್ತು. ಆದ್ದರಿಂದ ಒಪ್ಪಿಗೆ ನೀಡುವ ಮುನ್ನ ಪ್ರಶ್ನೆ ಕೇಳುವುದು ರೋಗಿಯ ಹಕ್ಕು.

ನಮಾಝ್‌ನ ಚಿಂತೆಯೂ ಅನೇಕರನ್ನು ಕಾಡುತ್ತದೆ. ಬಿಡುವಿಲ್ಲದೆ ಮೂತ್ರ ಹನಿಯುವವರಿಗೆ ಕರ್ಮಶಾಸ್ತ್ರ ವಿನಾಯಿತಿ ನೀಡಿದೆ. ಶುಚಿಗೊಳಿಸಿ, ಪ್ಯಾಡ್ ಧರಿಸಿ, ನಮಾಝ್‌ನ ಸಮಯವಾದ ಬಳಿಕ ವುಝೂ ಮಾಡಿ ನಮಾಝ್ ನಿರ್ವಹಿಸಿದರೆ, ನಡುವೆ ಹನಿದರೂ ಅದು ಸಿಂಧು. ಅಪರೂಪಕ್ಕೆ ಹನಿಯುವವರು ಮಾತ್ರ ಶುಚಿಗೊಳಿಸಿ ವುಝೂ ನವೀಕರಿಸಬೇಕು. ಈ ಸರಳ ವಿಷಯವನ್ನು ನಮ್ಮ ಮಹಿಳಾ ತರಗತಿಗಳಲ್ಲಿ ಎಷ್ಟು ಸಲ ತಿಳಿಸಲಾಗಿದೆ?

ನಿಲ್ಲದ ರಕ್ತಸ್ರಾವದ ಬಗ್ಗೆ ಫಾತಿಮಾ ಬಿಂತ್ ಅಬೀ ಹುಬೈಶ್(ರ) ನೇರವಾಗಿ ಪ್ರವಾದಿ(ಸ)ಯವರನ್ನೇ ಕೇಳಿದ್ದರು. ಅವರು ಗದರಲಿಲ್ಲ, ದಾರಿ ತೋರಿಸಿದರು. ಅಂದಿನ ಮಹಿಳೆಯರ ಲಜ್ಜೆ ಪ್ರಶ್ನಿಸಲು ಅಡ್ಡಿಯಾಗಲಿಲ್ಲ. ಇಂದು ಮನೆಯವಳು ಬಾಯಿ ಬಿಟ್ಟು ಹೇಳಲಾರದ ವಾತಾವರಣವನ್ನು ಸೃಷ್ಟಿಸಿದವರು ನಾವೇ. ಪತಿಯಂದಿರೇ, ಮಕ್ಕಳೇ, ಈ ವಾರ ಒಮ್ಮೆ ಮೃದುವಾಗಿ ವಿಚಾರಿಸಿ, ವೈದ್ಯೆಯ ಬಳಿ ಜೊತೆಯಲ್ಲಿ ನಡೆಯಿರಿ. ಆಕೆಯ ಗೌರವ ಕಾಪಾಡುವ ದಾರಿ ಮೌನವಲ್ಲ, ಆರೈಕೆ.