ಕಿವಿಯನ್ನು ನೋಡದೆ ಬರೆದುಕೊಟ್ಟ ಮದ್ದು

ಅಡವಿಗೆ ತಂದ ಒಡವೆಯನ್ನು ಒರೆಗೆ ಹಚ್ಚಿ ನೋಡದೆ ಸಾಲ ಮಂಜೂರು ಮಾಡುವ ಬ್ಯಾಂಕು ಎಲ್ಲಿಯೂ ಇರಲಾರದು. ಆದರೆ ಮಗುವಿನ ಕಿವಿನೋವಿಗೆ, ಕಿವಿಯೊಳಗೆ ಒಮ್ಮೆಯೂ ಇಣುಕದೆ, ಐದು ದಿನದ ಆಂಟಿಬಯೋಟಿಕ್ ಬರೆದುಕೊಡುವುದು ಮಹಾನಗರಗಳಲ್ಲಿ ಅಪರೂಪದ ಸಂಗತಿಯಲ್ಲ. ಬರೆದುಕೊಡುವವರಿಗೆ ಹೊರಗೆ ಕಾದು ಕುಳಿತವರ ಅವಸರ; ಬರೆಸಿಕೊಳ್ಳುವವರಿಗೆ ಲೋಕಲ್ ರೈಲು ಹಿಡಿಯುವ ಅವಸರ. ಈ ಎರಡು ಅವಸರಗಳ ನಡುವೆ ಸಿಕ್ಕಿಕೊಂಡಿರುವುದು, ಸುಮಾರು ಒಂದು ಸೆಂಟಿಮೀಟರ್ ಅಗಲದ, ಕಾಗದದಷ್ಟು ತೆಳುವಾದ ಒಂದು ಪೊರೆ.

ಆ ಪೊರೆಯೇ ಕಿವಿಯ ತಮಟೆ. ಅದರ ಹಿಂದಿರುವ ಗಾಳಿಯ ಗೂಡೇ ನಡುಕಿವಿ. ಈ ಗೂಡಿನಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳವಿದೆ. ಎಳೆಯರಲ್ಲಿ ಅದು ಗಿಡ್ಡ, ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುವಂಥದು. ಆದುದರಿಂದಲೇ ನೆಗಡಿ ಬಂದ ಕೆಲವು ದಿನಗಳಲ್ಲಿ ಮಗು ನಡುರಾತ್ರಿ ಕಿವಿ ಹಿಡಿದುಕೊಂಡು ಚೀರುತ್ತ ಏಳುವುದು. ಊರಿನಿಂದ ಅಜ್ಜಿ ಫೋನಿನಲ್ಲಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಲು ಹೇಳುತ್ತಾಳೆ. ಅಜ್ಜಿಯ ಅಕ್ಕರೆ ದೊಡ್ಡದು. ಆದರೆ ತಮಟೆಯಲ್ಲಿ ತೂತು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಅರಿಯದೆ ಏನನ್ನೂ ಒಳಗೆ ಬಿಡಬಾರದು. ಅಂಗಡಿಯಿಂದ ಕೇಳಿ ತಂದ ಹನಿಮದ್ದಿಗೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ನೋಡುವುದೆಂದರೆ ಏನನ್ನು? ಆಟೋಸ್ಕೋಪ್ ಎಂಬ ದೀಪವುಳ್ಳ ಕೊಳವೆಯಲ್ಲಿ ಆರೋಗ್ಯವಂತ ತಮಟೆ ಮುತ್ತಿನಂಥ ಬೂದುಬಣ್ಣದಲ್ಲಿ, ಅರೆಪಾರದರ್ಶಕವಾಗಿ ಕಾಣುತ್ತದೆ. ಸುತ್ತಿಗೆ ಮೂಳೆಯ ಹಿಡಿ ಅದರಾಚೆ ಗೋಚರಿಸುತ್ತದೆ. ಮುಂಭಾಗದ ಕೆಳಮೂಲೆಯಲ್ಲಿ ದೀಪದ ಬೆಳಕು ತ್ರಿಕೋನವಾಗಿ ಹೊಳೆಯುತ್ತದೆ. ನಡುಕಿವಿಯಲ್ಲಿ ಕೀವು ತುಂಬಿದಾಗ ಈ ಹೊಳಪು ಮಾಯವಾಗಿ, ಪೊರೆ ಮಸುಕಾಗಿ, ಹೊರಗಡೆಗೆ ಉಬ್ಬುತ್ತದೆ. ಈ ಉಬ್ಬುವಿಕೆಯೇ ತೀವ್ರ ಸೋಂಕಿನ ಅತ್ಯಂತ ನಂಬಲರ್ಹವಾದ ಗುರುತು. ಕೆಂಪು ಬಣ್ಣವೊಂದೇ ಸಾಲದು. ಅಳುವ ಮಗುವಿನ ಮುಖ ಕೆಂಪಾಗುವಂತೆ ತಮಟೆಯೂ ಕೆಂಪಾಗುತ್ತದೆ, ಜ್ವರದಲ್ಲಿಯೂ ಆಗುತ್ತದೆ. ಕೆಂಪನ್ನು ಕಂಡೊಡನೆ ಸೋಂಕೆಂದು ತೀರ್ಮಾನಿಸುವುದು, ನೋಡದೆ ಬರೆಯುವುದಕ್ಕಿಂತ ಒಂದು ಮೆಟ್ಟಿಲು ಮಾತ್ರ ಮೇಲು.

ಹೊರಕಿವಿಯ ಮುಂದಿನ ಪುಟ್ಟ ಮೃದ್ವಸ್ಥಿಯನ್ನು ಒತ್ತಿದಾಗ ಅಥವಾ ಕಿವಿಯ ಆಲೆಯನ್ನು ಎಳೆದಾಗ ನೋವು ಹೆಚ್ಚಿದರೆ ದೋಷ ಬಹುಶಃ ಹೊರಗಿನ ನಾಳದ್ದು, ನಡುಕಿವಿಯದಲ್ಲ. ಕಿವಿಯ ಹಿಂದಿನ ಎಲುಬಿನ ಮೇಲೆ ಊತವಿದ್ದು, ಮುಟ್ಟಿದರೆ ನೋವಾಗಿ, ಕಿವಿ ಮುಂದಕ್ಕೆ ತಳ್ಳಲ್ಪಟ್ಟಂತೆ ಕಂಡರೆ ಅಂದೇ ಆಸ್ಪತ್ರೆ ಸೇರಬೇಕು. ಬಾಯಿ ಒಂದು ಕಡೆಗೆ ಸೊಟ್ಟಗಾದರೂ ಹಾಗೆಯೇ.

ನೋಡಿದ್ದರ ಲಾಭವೆಂದರೆ, ಕೆಲವೊಮ್ಮೆ ಮದ್ದು ಬರೆಯದಿರುವ ಧೈರ್ಯ. ಎರಡು ವರ್ಷ ದಾಟಿದ ಮಗುವಿಗೆ ನೋವು, ಜ್ವರ ಹೆಚ್ಚಿಲ್ಲದಿದ್ದಲ್ಲಿ, ನೋವಿಗೆ ಮಾತ್ರ ಔಷಧವಿತ್ತು ಎರಡು ಮೂರು ದಿನ ನಿಗಾ ಇಟ್ಟು ಕಾಯಬಹುದೆಂದು ತಜ್ಞರು ಒಪ್ಪುತ್ತಾರೆ. ಆರು ತಿಂಗಳೊಳಗಿನ ಕೂಸಿನ ವಿಷಯದಲ್ಲಿ ಈ ಕಾಯುವಿಕೆ ಸಲ್ಲದು. ಒಳಗೆ ಇಣುಕದವರು ಮಾತ್ರ ಎಲ್ಲರಿಗೂ ಒಂದೇ ಚೀಟಿ ಬರೆಯುತ್ತಾರೆ.

ನೋವಿಲ್ಲದ ಕಿವಿಯ ಕಥೆ ಇದಕ್ಕಿಂತ ಕಷ್ಟದ್ದು. ಸೋಂಕು ಇಳಿದ ಮೇಲೂ ವಾರಗಟ್ಟಲೆ ನಡುಕಿವಿಯಲ್ಲಿ ದ್ರವ ಉಳಿಯುವುದುಂಟು. ಜ್ವರವಿಲ್ಲ, ಅಳುವಿಲ್ಲ. ತಮಟೆ ಒಳಕ್ಕೆ ಸೆಳೆದುಕೊಂಡು, ಜೇನಿನಂಥ ಹಳದಿ ಛಾಯೆ ತಾಳಿರುತ್ತದೆ. ಕೆಲವೊಮ್ಮೆ ಗುಳ್ಳೆಗಳು ಕಾಣುತ್ತವೆ. ರಬ್ಬರ್ ಬುರುಡೆಯಿಂದ ಮೆಲ್ಲನೆ ಗಾಳಿ ಒತ್ತಿದರೆ ಆರೋಗ್ಯವಂತ ಪೊರೆ ಅಲುಗುತ್ತದೆ, ಹಿಂದೆ ದ್ರವವಿದ್ದದ್ದು ಬಹುಮಟ್ಟಿಗೆ ಅಲುಗದು. ಬೆಲೆಯಿಂದ ಅಲ್ಪವಾದ ಈ ಬುರುಡೆ ಎಷ್ಟೋ ವೈದ್ಯರ ಮೇಜಿನಲ್ಲಿ ಇರುವುದೇ ಇಲ್ಲ.

ಇಂಥ ಮಗು ಕಿವುಡಲ್ಲ. ಮಂದವಾಗಿ ಕೇಳುತ್ತದೆ, ಅಷ್ಟೆ. ಶಾಲೆಯಿಂದ ಗಮನವಿಲ್ಲವೆಂಬ ದೂರು ಬರುತ್ತದೆ. ಹೊರನಾಡ ಕನ್ನಡಿಗರ ಮನೆಯಲ್ಲಿ ಇದರ ಬೆಲೆ ಇಮ್ಮಡಿ. ಬೀದಿಯಲ್ಲಿ ಮರಾಠಿ ಅಥವಾ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡವಾದರೋ ಅಡಿಗೆಮನೆಯ ಮೆಲುಮಾತಿನಲ್ಲಿ, ಬೆನ್ನು ತಿರುಗಿಸಿ ನಿಂತ ತಾಯಿಯ ಬಾಯಿಂದ ಬರುವ ಭಾಷೆ. ಆ ಮೆಲುಮಾತೇ ಮೊದಲು ತಪ್ಪಿಹೋಗುವುದು. ಮಗು ಕನ್ನಡದಲ್ಲಿ ಉತ್ತರಿಸುವುದಿಲ್ಲವೆಂದು ಬೈಯುವ ಮೊದಲು ಅದರ ಕಿವಿಯನ್ನು ತೋರಿಸಿದವರು ಎಷ್ಟು ಮಂದಿ? ದ್ರವ ಮೂರು ತಿಂಗಳಾದರೂ ಇಳಿಯದಿದ್ದರೆ ಶ್ರವಣ ಪರೀಕ್ಷೆ ಮಾಡಿಸಲೇಬೇಕು.

ದೊಡ್ಡವರಲ್ಲಿ ವರ್ಷಗಟ್ಟಲೆ ಸೋರುವ ಕಿವಿಯೂ ಉಂಟು. ನೆಗಡಿಯಾದಾಗಲೆಲ್ಲ ಧಾರಾಳವಾಗಿ ಸೋರಿ ನಿಲ್ಲುವ ಕಿವಿಯಲ್ಲಿ ತೂತು ಸಾಮಾನ್ಯವಾಗಿ ತಮಟೆಯ ನಡುವಿರುತ್ತದೆ. ಸ್ವಲ್ಪವೇ ಸೋರಿ, ಕೆಟ್ಟ ನಾತ ಬೀರುವ ಕಿವಿಯಲ್ಲಿ ದೋಷ ಮೇಲಂಚಿನಲ್ಲಿರಬಹುದು. ಅಲ್ಲಿ ಬೆಳೆಯುವ ಬಿಳಿಯ ಹೊಪ್ಪಳೆಯ ಗಂಟು ಮೂಳೆಯನ್ನೇ ತಿನ್ನುತ್ತದೆ, ಮೆದುಳಿನವರೆಗೂ ತೊಂದರೆ ಒಯ್ಯಬಲ್ಲದು. ಜನ ನೋವಿಗೆ ಅಂಜುತ್ತಾರೆ, ನಾತಕ್ಕೆ ಅತ್ತರಿನ ಹತ್ತಿ ಇಟ್ಟುಕೊಳ್ಳುತ್ತಾರೆ. ಕೆಂಪು ಮುಂಡಾಸಿನ ಬೀದಿಬದಿಯ ಕಿವಿಗುಗ್ಗೆ ತೆಗೆಯುವವನ ಮುಂದೆ ಕೂರುವವರಿಗಂತೂ ಏನು ಹೇಳುವುದು!

ವೈದ್ಯರನ್ನಷ್ಟೇ ದೂರಿ ಫಲವಿಲ್ಲ. ಕಿವಿಯಲ್ಲಿ ಗುಗ್ಗೆ ತುಂಬಿರುತ್ತದೆ, ಮಗು ಒದ್ದಾಡುತ್ತದೆ. ತಾಯಿ ಮಗುವನ್ನು ತೊಡೆಯ ಮೇಲೆ ಅಡ್ಡಲಾಗಿ ಕೂರಿಸಿಕೊಂಡು, ಒಂದು ಕೈಯಿಂದ ತಲೆಯನ್ನು ಎದೆಗೊತ್ತಿ, ಇನ್ನೊಂದರಿಂದ ಕೈಗಳನ್ನು ಹಿಡಿದರೆ ಅರ್ಧ ಕೆಲಸ ಮುಗಿದಂತೆ. “ಡಾಕ್ಟರೇ, ಕಿವಿಯೊಳಗೆ ಒಮ್ಮೆ ನೋಡುತ್ತೀರಾ? ತಮಟೆ ಉಬ್ಬಿದೆಯೆ?” ಎಂದು ಕೇಳುವುದು ಅವಿನಯವಲ್ಲ.

ಶ್ರವಣ ಪರೀಕ್ಷೆಗೆ ಮುಂಬಯಿಯವರಿಗೆ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಮೇ ರಜೆಯಲ್ಲಿ ಮೈಸೂರಿನ ಕಡೆ ಹೋಗುವವರು, 1965ರಿಂದ ಅಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಮಗುವನ್ನು ಕರೆದೊಯ್ಯಬಹುದು. ಅರಮನೆ, ಮೃಗಾಲಯ ನೋಡಿದ ಮೇಲೆ ಒಂದು ಬೆಳಗು ಅದಕ್ಕೂ ಮೀಸಲಾಗಿರಲಿ.