ಗವರ್ನರ್ ಪಕ್ಕದ ಕುರ್ಚಿ

2012ರ ಅಕ್ಟೋಬರ್ 25ರಂದು ನೈಜೀರಿಯಾದ ತರಾಬಾ ರಾಜ್ಯದ ಗವರ್ನರ್ ದನ್‌ಬಾಬಾ ಸುಂತಾಯಿ ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ಯೋಲಾ ನಗರದ ಬಳಿ ನೆಲಕ್ಕೆ ಬಿತ್ತು. ಜೀವ ಉಳಿಯಿತು. ಆದರೆ ಆಡಳಿತ ನಡೆಸುವಷ್ಟು ಅವರು ಚೇತರಿಸಿಕೊಳ್ಳಲೇ ಇಲ್ಲ. ಇಂಥ ದಿನ ಬಂದೀತೆಂದೇ ಅಲ್ಲಿನ ಸಂವಿಧಾನ ಪ್ರತಿ ರಾಜ್ಯಕ್ಕೂ ಒಬ್ಬ ಡೆಪ್ಯುಟಿ ಗವರ್ನರ್ ಇರಬೇಕೆಂದು ವಿಧಿಸಿದೆ. ತರಾಬಾದಲ್ಲೂ ಒಬ್ಬರಿದ್ದರು. ಆದರೆ ಜನ ಸುಂತಾಯಿ ಜೊತೆಗೆ ಆರಿಸಿದ್ದ ವ್ಯಕ್ತಿ ಅವರಲ್ಲ. ಆರಿಸಿ ಬಂದಿದ್ದ ಸಾನಿ ಅಬೂಬಕರ್ ದನ್ಲಾದಿ ಅವರನ್ನು ಅಪಘಾತಕ್ಕೆ ಮೂರು ವಾರ ಮೊದಲು ರಾಜ್ಯದ ಶಾಸನಸಭೆ ಪದಚ್ಯುತಗೊಳಿಸಿತ್ತು. ಅವರ ಜಾಗಕ್ಕೆ ಬಂದ ಗರ್ಬಾ ಉಮರ್ ಹಂಗಾಮಿ ಗವರ್ನರ್ ಆಗಿ ಎರಡು ವರ್ಷ ರಾಜ್ಯ ಆಳಿದರು. 2014ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದನ್ಲಾದಿಗೆ ತಮ್ಮ ವಾದ ಹೇಳಿಕೊಳ್ಳಲು ನ್ಯಾಯವಾದ ಅವಕಾಶವೇ ಸಿಕ್ಕಿಲ್ಲ, ಪದಚ್ಯುತಿ ಅಸಿಂಧು ಎಂದಿತು. ಎರಡು ವರ್ಷ ತರಾಬಾವನ್ನು ಆಳಿದವರು ಆ ಕುರ್ಚಿಯಲ್ಲಿ ಕೂರಬೇಕಾದವರೇ ಆಗಿರಲಿಲ್ಲ.

ನಮ್ಮಲ್ಲಿ ಗವರ್ನರ್ ಎಂದರೆ ರಾಜಭವನದ ರಾಜ್ಯಪಾಲರು. ನೈಜೀರಿಯಾದಲ್ಲಿ ಹಾಗಲ್ಲ. ಅಲ್ಲಿನ 36 ರಾಜ್ಯಗಳ ಗವರ್ನರ್‌ಗಳು ಜನರಿಂದ ನೇರವಾಗಿ ಆರಿಸಿ ಬರುತ್ತಾರೆ. ಖಜಾನೆ, ಸಂಪುಟ, ನೇಮಕಾತಿ ಎಲ್ಲ ಅವರ ಕೈಯಲ್ಲಿ. ನಮ್ಮ ಮುಖ್ಯಮಂತ್ರಿಗಳಿಗಿಂತಲೂ ಗಟ್ಟಿಯಾದ ಹುದ್ದೆ ಅದು, ಏಕೆಂದರೆ ಬಹುಮತ ಸಾಬೀತುಪಡಿಸುವ ತಾಪತ್ರಯ ಅವರಿಗಿಲ್ಲ. ಆ ಬಲಶಾಲಿಯ ಪಕ್ಕದಲ್ಲೇ ಕುಳಿತಿರುವ ಡೆಪ್ಯುಟಿಗೆ ಇರುವ ಅಧಿಕಾರವೆಷ್ಟು? 1999ರ ಸಂವಿಧಾನದ 193ನೇ ಸೆಕ್ಷನ್ ಪ್ರಕಾರ, ಗವರ್ನರ್ ತಮ್ಮ ವಿವೇಚನೆಯಂತೆ ವಹಿಸಿದಷ್ಟು. ವಹಿಸದಿದ್ದರೆ ಏನೂ ಇಲ್ಲ. ಗವರ್ನರ್ ಸತ್ತರೆ, ರಾಜೀನಾಮೆ ಕೊಟ್ಟರೆ, ಪದಚ್ಯುತರಾದರೆ ಮಾತ್ರ ಇಡೀ ರಾಜ್ಯ ಒಂದೇ ಗಳಿಗೆಯಲ್ಲಿ ಈ ಡೆಪ್ಯುಟಿಯ ಹೆಗಲಿಗೆ ಬರುತ್ತದೆ. ಅದಕ್ಕೇ ಅಲ್ಲಿನ ಜನ ಈ ಹುದ್ದೆಯನ್ನು ಸ್ಟೆಪ್ನಿ ಟೈರು ಎಂದು ಕರೆಯುತ್ತಾರೆ. ನನಗೆ ಆತಂಕ ಹುಟ್ಟಿಸುವುದು ಹುದ್ದೆಯ ಬಡತನವಲ್ಲ. ಇಷ್ಟು ದೊಡ್ಡ ಹೊಣೆ ಹೊರಬೇಕಾದವರನ್ನು ಆರಿಸುವ ಬಗೆ.

187ನೇ ಸೆಕ್ಷನ್ ಹೇಳುವುದಿಷ್ಟು: ಗವರ್ನರ್ ಹುದ್ದೆಗೆ ನಿಲ್ಲುವವರು ತಮ್ಮ ಡೆಪ್ಯುಟಿ ಯಾರೆಂದು ತಾವೇ ಸೂಚಿಸಬೇಕು, ಇಲ್ಲದಿದ್ದರೆ ನಾಮಪತ್ರ ಊರ್ಜಿತವಲ್ಲ. ಅವರು ಗೆದ್ದರೆ ಡೆಪ್ಯುಟಿಯೂ ಗೆದ್ದಂತೆ. ಪಕ್ಷದೊಳಗಿನ ಚುನಾವಣೆ ಗವರ್ನರ್ ಅಭ್ಯರ್ಥಿಗೆ ಮಾತ್ರ, ಜೊತೆಗಾರನ ಆಯ್ಕೆ ಅದು ಮುಗಿದ ಮೇಲಿನ ಮಾತುಕತೆಯಲ್ಲಿ. ಪ್ರತಿ ರಾಜ್ಯದಲ್ಲೂ ಮೂರು ಸೆನೆಟ್ ಕ್ಷೇತ್ರಗಳಿವೆ. ಗವರ್ನರ್ ಒಂದು ಕಡೆಯವರಾದರೆ ಡೆಪ್ಯುಟಿ ಇನ್ನೊಂದು ಕಡೆಯವರು. ಎರಡೂ ಧರ್ಮದವರು ಹೆಚ್ಚಿರುವ ರಾಜ್ಯಗಳಲ್ಲಿ ಒಬ್ಬರು ಮುಸ್ಲಿಮರಾದರೆ ಇನ್ನೊಬ್ಬರು ಕ್ರೈಸ್ತರು. 2019ರ ಚುನಾವಣೆಗೆ ಕಡುನಾದ ಗವರ್ನರ್ ನಾಸಿರ್ ಎಲ್-ರುಫಾಯಿ ಈ ರೂಢಿ ಮುರಿದು ಮುಸ್ಲಿಂ ಮಹಿಳೆ ಹದೀಜಾ ಬಲರಾಬೆ ಅವರನ್ನು ಆರಿಸಿಕೊಂಡಾಗ ದೊಡ್ಡ ಗದ್ದಲವೇ ಎದ್ದಿತು. ಸಮತೋಲನ ಬೇಕು, ನಿಜ. ಅಷ್ಟೊಂದು ಭಾಷೆ, ಬುಡಕಟ್ಟುಗಳಿರುವ ದೇಶದಲ್ಲಿ ಅದು ಸಣ್ಣ ವಿಷಯವಲ್ಲ. ಆದರೆ ಯಾವ ಪ್ರದೇಶ, ಯಾವ ಧರ್ಮ ಎಂಬ ಲೆಕ್ಕ ಮುಗಿದ ಮೇಲೆ, ನಾಳೆ ಈತ ರಾಜ್ಯ ನಡೆಸಬಲ್ಲನೇ ಎಂದು ಕೇಳಬೇಕಾದ ಜಾಗವೇ ಇಡೀ ವ್ಯವಸ್ಥೆಯಲ್ಲಿ ಇಲ್ಲ.

ಅದರ ಬೆಲೆ ಏನೆಂದು ಬಾಯೆಲ್ಸಾ ರಾಜ್ಯದವರನ್ನು ಕೇಳಬೇಕು. 2019ರ ನವೆಂಬರ್‌ನಲ್ಲಿ ಅಲ್ಲಿ ಡೇವಿಡ್ ಲಯನ್ ಗವರ್ನರ್ ಆಗಿ ಗೆದ್ದರು. ಪ್ರಮಾಣವಚನಕ್ಕೆ ಒಂದೇ ದಿನ ಇದ್ದಾಗ, 2020ರ ಫೆಬ್ರುವರಿ 13ರಂದು, ಸುಪ್ರೀಂ ಕೋರ್ಟ್ ಆ ಗೆಲುವನ್ನೇ ರದ್ದುಪಡಿಸಿತು. ಲಯನ್ ಮಾಡಿದ ತಪ್ಪಿಗಲ್ಲ, ಅವರು ಆರಿಸಿಕೊಂಡಿದ್ದ ಡೆಪ್ಯುಟಿ ಅಭ್ಯರ್ಥಿಯ ಪ್ರಮಾಣಪತ್ರಗಳಲ್ಲಿ ಹೆಸರುಗಳು ಒಂದಕ್ಕೊಂದು ತಾಳೆಯಾಗದ್ದಕ್ಕೆ. ಜೋಡಿ ಟಿಕೆಟ್‌ನಲ್ಲಿ ಒಬ್ಬರು ಅನರ್ಹರಾದರೆ ಇಬ್ಬರೂ ಅನರ್ಹರು. ಎದುರಾಳಿ ಡೌಯೆ ದಿರಿ ಮರುದಿನ ಗವರ್ನರ್ ಆದರು. ಮತಗಟ್ಟೆಗೆ ಹೋಗುವ ಮೊದಲೇ ಆಗಬೇಕಿದ್ದ ಒಂದು ದಾಖಲೆ ಪರಿಶೀಲನೆ ಆಗದೆ, ಲಕ್ಷಾಂತರ ಜನರ ತೀರ್ಪು ಮಣ್ಣುಪಾಲಾಯಿತು.

ಆರಿಸಿದವರು ಒಬ್ಬರೇ ಆದಾಗ ತೆಗೆಯುವವರೂ ಅವರೇ ಆಗುತ್ತಾರೆ. ಕಾಗದದ ಮೇಲೆ ಡೆಪ್ಯುಟಿಗೆ ರಕ್ಷಣೆ ಚೆನ್ನಾಗಿಯೇ ಇದೆ: 188ನೇ ಸೆಕ್ಷನ್ ಪ್ರಕಾರ ಗುರುತರ ದುರ್ನಡತೆಯ ಆರೋಪ, ಮುಖ್ಯ ನ್ಯಾಯಾಧೀಶರು ನೇಮಿಸುವ ಏಳು ಜನರ ಸಮಿತಿ, ಮೂರನೇ ಎರಡರಷ್ಟು ಬಹುಮತ. ಆದರೆ ಶಾಸನಸಭೆ ಗವರ್ನರ್ ಮುಷ್ಟಿಯಲ್ಲಿದ್ದರೆ ಇದೆಲ್ಲ ಎಷ್ಟು ದಿನದ ಕೆಲಸ? ಎನುಗು ರಾಜ್ಯದಲ್ಲಿ 2014ರ ಆಗಸ್ಟ್‌ನಲ್ಲಿ ಸಂಡೇ ಒನ್ಯೆಬುಚಿ ಪದಚ್ಯುತರಾದರು. ಸರ್ಕಾರಿ ನಿವಾಸದಲ್ಲಿ ಕೋಳಿ ಸಾಕಿದ್ದು ಅವರ ಮೇಲಿನ ಆರೋಪಗಳಲ್ಲಿ ಒಂದು. ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ನ್ಯಾಯಾಲಯ ಆ ಪದಚ್ಯುತಿಯನ್ನು ಅಸಿಂಧುಗೊಳಿಸುವ ಹೊತ್ತಿಗೆ ಅವರ ಅವಧಿಯೇ ಮುಗಿದಿತ್ತು. ಕೋಗಿ ರಾಜ್ಯದ್ದು ಇನ್ನೂ ಘೋರ. 2019ರ ಅಕ್ಟೋಬರ್‌ನಲ್ಲಿ ಸೈಮನ್ ಅಚುಬಾ ಮೇಲಿನ ಆರೋಪಗಳು ರುಜುವಾತಾಗಿಲ್ಲವೆಂದು ಸಮಿತಿಯೇ ವರದಿ ಕೊಟ್ಟಿತು. ರುಜುವಾತಾಗದಿದ್ದರೆ ಪ್ರಕ್ರಿಯೆ ಅಲ್ಲಿಗೇ ನಿಲ್ಲಬೇಕೆಂದು ಸಂವಿಧಾನ ಸ್ಪಷ್ಟವಾಗಿ ಹೇಳುತ್ತದೆ. ಶಾಸನಸಭೆ ಅವರನ್ನು ಅವತ್ತೇ ತೆಗೆದುಹಾಕಿತು. ಝಮ್‌ಫಾರಾದಲ್ಲಿ ಗವರ್ನರ್ 2021ರಲ್ಲಿ ಪಕ್ಷ ಬದಲಿಸಿದರು, ಡೆಪ್ಯುಟಿ ಮಹ್ದಿ ಅಲಿಯು ಗುಸಾವು ಗವರ್ನರ್ ಹಿಂದೆ ಹೋಗಲಿಲ್ಲ. 2022ರ ಫೆಬ್ರುವರಿಯಲ್ಲಿ ಕುರ್ಚಿ ಕಳೆದುಕೊಂಡರು. ಇಬ್ಬರೂ ಯಾವ ಪಕ್ಷದ ಟಿಕೆಟ್ ಮೇಲೆ ಅಧಿಕಾರಕ್ಕೆ ಬಂದಿದ್ದರೋ ಆ ಪಕ್ಷದಲ್ಲೇ ಉಳಿದಿದ್ದು ಅವರು!

ಹಾಗೆಂದು ಈ ಹುದ್ದೆಯೇ ಬೇಡವೆನ್ನಲು ಮನಸ್ಸು ಒಪ್ಪುವುದಿಲ್ಲ. 2005ರಲ್ಲಿ ಬಾಯೆಲ್ಸಾ ಗವರ್ನರ್ ಅಲಮಿಯೆಸೆಘಾ ಲಂಡನ್‌ನಲ್ಲಿ ಬಂಧನಕ್ಕೊಳಗಾಗಿ, ಕೊನೆಗೆ ಪದಚ್ಯುತರಾದಾಗ ರಾಜ್ಯವನ್ನು ಕೈಗೆತ್ತಿಕೊಂಡವರು ಡೆಪ್ಯುಟಿ ಗುಡ್‌ಲಕ್ ಜೊನಾಥನ್. ಐದೇ ವರ್ಷದಲ್ಲಿ ಅವರು ದೇಶದ ಅಧ್ಯಕ್ಷರಾದರು. ನೈಜೀರಿಯಾದಲ್ಲಿ ಇಂದಿಗೂ ಒಬ್ಬ ಮಹಿಳೆಯೂ ಗವರ್ನರ್ ಆಗಿ ಚುನಾಯಿತರಾಗಿಲ್ಲ. ಆ ಕುರ್ಚಿಯಲ್ಲಿ ಮೊದಲು ಕುಳಿತ ಮಹಿಳೆ ಅನಂಬ್ರಾದ ವರ್ಜೀನಿಯಾ ಎತಿಯಾಬಾ, 2006ರ ನವೆಂಬರ್‌ನಿಂದ ಕೆಲವೇ ತಿಂಗಳು, ಅದೂ ಡೆಪ್ಯುಟಿ ಆಗಿದ್ದರಿಂದ. ಗವರ್ನರ್ ಪೀಟರ್ ಓಬಿ ಅವರ ಪದಚ್ಯುತಿಯನ್ನು ನ್ಯಾಯಾಲಯ ತಳ್ಳಿಹಾಕಿದಾಗ ಆಕೆ ಕುರ್ಚಿ ಬಿಟ್ಟುಕೊಟ್ಟರು. ಅಲ್ಲಿನ ರಾಜಕೀಯದಲ್ಲಿ ಅಂಥ ನಡೆ ಅಪರೂಪ, ಅದಕ್ಕೇ ಹೇಳಿದೆ.

ಕನ್ನಡದ ಓದುಗರಿಗೆ ಇಲ್ಲಿ ನಮ್ಮ ಉಪಮುಖ್ಯಮಂತ್ರಿಗಳ ನೆನಪಾಗದಿರದು. ನಮ್ಮ ಸಂವಿಧಾನದಲ್ಲಿ ಆ ಹುದ್ದೆಯ ಹೆಸರೇ ಇಲ್ಲ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಉಪಮುಖ್ಯಮಂತ್ರಿ ಎಂದರೆ ಒಬ್ಬ ಸಚಿವ, ಅಷ್ಟೇ, ನೇಮಕದಲ್ಲಿ ಸಂವಿಧಾನಬಾಹಿರವಾದದ್ದೇನೂ ಇಲ್ಲ. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದಾಗ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದದ್ದು ಉಪಮುಖ್ಯಮಂತ್ರಿ ಎಂಬ ಹಕ್ಕಿನಿಂದಲ್ಲ, ಶಾಸಕಾಂಗ ಪಕ್ಷ ಒಪ್ಪಿದ್ದರಿಂದ. ನಮ್ಮವರಿಗೆ ಕಾನೂನಿನ ಬಲವಿಲ್ಲ, ಆದರೆ ಹಿಂದೆ ಶಾಸಕರಿರುತ್ತಾರೆ, ಖಾತೆಗಳಿರುತ್ತವೆ. ನೈಜೀರಿಯಾದ ಡೆಪ್ಯುಟಿಗೆ ಕಾನೂನು ಉತ್ತರಾಧಿಕಾರವನ್ನೇ ಬರೆದುಕೊಟ್ಟಿದೆ, ಹಿಂದೆ ಮಾತ್ರ ಯಾರೂ ಇಲ್ಲ.

ಯಾರೂ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಓಂಡೊ ರಾಜ್ಯ 2023ರಲ್ಲಿ ಕಂಡಿತು. ಗವರ್ನರ್ ರೊಟಿಮಿ ಅಕೆರೆಡೋಲು ಚಿಕಿತ್ಸೆಗೆ ಜರ್ಮನಿಗೆ ಹೋದರು, ಡೆಪ್ಯುಟಿ ಲಕ್ಕಿ ಐಯೆದಾಟಿವಾ ಹಂಗಾಮಿ ಗವರ್ನರ್ ಆದರು. ಸೆಪ್ಟೆಂಬರ್‌ನಲ್ಲಿ ಅಕೆರೆಡೋಲು ಮರಳಿದರು, ಆದರೆ ತಮ್ಮ ರಾಜ್ಯಕ್ಕಲ್ಲ, ಬೇರೊಂದು ರಾಜ್ಯದ ಇಬಾದಾನ್‌ಗೆ. ಅಲ್ಲಿ ಮನೆಯಲ್ಲೇ ಉಳಿದರು. ಇತ್ತ ಶಾಸನಸಭೆ ಡೆಪ್ಯುಟಿಯನ್ನೇ ಪದಚ್ಯುತಗೊಳಿಸಲು ಹೊರಟಿತು. ಗವರ್ನರ್ 21 ದಿನದೊಳಗೆ ಪತ್ರ ಬರೆದು ಅಧಿಕಾರ ವಹಿಸದಿದ್ದರೆ ಶಾಸನಸಭೆಯೇ ನಿರ್ಣಯ ಮಾಡಬಹುದೆಂಬ ತಿದ್ದುಪಡಿ 2010ರಲ್ಲೇ ಬಂದಿದೆ. ಆದರೆ ನಿರ್ಣಯ ಮಾಡಬೇಕಾದ ಸಭೆಯೇ ಡೆಪ್ಯುಟಿಯ ವಿರುದ್ಧ ನಿಂತಿತ್ತು. ಕೊನೆಗೆ ದೇಶದ ಅಧ್ಯಕ್ಷರು ಮಧ್ಯೆ ಬರಬೇಕಾಯಿತು. ಡಿಸೆಂಬರ್‌ನಲ್ಲಿ ಅಧಿಕಾರ ಹಸ್ತಾಂತರವಾದ ಎರಡೇ ವಾರಕ್ಕೆ ಅಕೆರೆಡೋಲು ತೀರಿಕೊಂಡರು, ಐಯೆದಾಟಿವಾ ಗವರ್ನರ್ ಆದರು. ಮರುವರ್ಷ ಜನ ಅವರನ್ನೇ ಆರಿಸಿದರು. ಕಾಯಿಲೆಬಿದ್ದ ಮನುಷ್ಯನ ಸಂಕಟ ಅರ್ಥವಾಗುತ್ತದೆ. ಆದರೆ ಅಷ್ಟು ತಿಂಗಳು ರಾಜ್ಯಕ್ಕೆ ದಿಕ್ಕೇ ಇಲ್ಲದಂತೆ ಮಾಡಲು ಯಾರಿಗೂ ಹಕ್ಕಿಲ್ಲ.

ದಾರಿ ಅವರ ಸಂವಿಧಾನದಲ್ಲೇ ಇದೆ. ಅವಧಿಯ ನಡುವೆ ಡೆಪ್ಯುಟಿ ಹುದ್ದೆ ತೆರವಾದರೆ ಗವರ್ನರ್ ಸೂಚಿಸಿದವರಿಗೆ ಶಾಸನಸಭೆಯ ಒಪ್ಪಿಗೆ ಬೇಕೆಂದು 191ನೇ ಸೆಕ್ಷನ್ ಹೇಳುತ್ತದೆ. ಮಧ್ಯದಲ್ಲಿ ಬರುವವರಿಗೆ ಬೇಕಾದ ಒಪ್ಪಿಗೆ ಮೊದಲು ಬರುವವರಿಗೆ ಏಕೆ ಬೇಡ? ಗವರ್ನರ್ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಪ್ರತಿನಿಧಿಗಳೇ ಜೊತೆಗಾರನ ಹೆಸರಿಗೂ ಮತ ಹಾಕಲಿ. ಶಿಕ್ಷಣವೋ, ನೀರೋ, ಸ್ಥಳೀಯ ಆಡಳಿತವೋ, ಒಂದು ಇಲಾಖೆಯನ್ನು ಡೆಪ್ಯುಟಿಗೆ ಕಾನೂನಿನಲ್ಲೇ ಬರೆದುಕೊಡಲಿ, ಅದಕ್ಕೆ ಪ್ರತ್ಯೇಕ ಬಜೆಟ್ಟೂ ಇರಲಿ. ಪದಚ್ಯುತಿಯ ವ್ಯಾಜ್ಯಗಳು ಅವಧಿ ಮುಗಿಯುವ ಮೊದಲೇ ಇತ್ಯರ್ಥವಾಗುವಂತೆ ನ್ಯಾಯಾಲಯಗಳಿಗೆ ಗಡುವು ಹಾಕಲಿ. ಚುನಾವಣಾ ತಕರಾರುಗಳಿಗೆ 180 ದಿನದ ಗಡುವು ಅವರಲ್ಲಿ ಈಗಾಗಲೇ ಇದೆ.