ಗುಜರಿಗೆ ಕಳಿಸುವ ಮುನ್ನ ಒಂದು ಬಸ್ಸು ಉಳಿಸಿ

ಕಲ್ಕತ್ತೆಯವರು ಜಾಣರು. ಎಸ್ಪ್ಲನೇಡ್‌ನಲ್ಲಿ 1938ರ ಹಳೇ ಟ್ರಾಮ್ ಒಂದಕ್ಕೆ ಬಣ್ಣ ಬಳಿದು, 'ಸ್ಮರಣಿಕಾ' ಎಂದು ಹೆಸರಿಟ್ಟು, 2014ರಲ್ಲಿ ಮ್ಯೂಸಿಯಂ ಮಾಡಿದರು. ಒಂದು ಬೋಗಿಯಲ್ಲಿ ಕಾಫಿ-ಟೀ, ಇನ್ನೊಂದರಲ್ಲಿ ಹಳೇ ಟಿಕೆಟ್ಟು, ಪಾಸು, ಬ್ಯಾಡ್ಜು. ಕಟ್ಟಡ ಕಟ್ಟುವ ಗೋಜೇ ಇಲ್ಲ. ಗಾಡಿಯೇ ಮ್ಯೂಸಿಯಂ!

"ನಮ್ಮೂರಲ್ಲಿ ಟ್ರಾಮ್ ಎಲ್ಲಿತ್ತು ಸ್ವಾಮಿ?" ಅಂತೀರಾ? ಇರಲಿಲ್ಲ, ನಿಜ. ಮದರಾಸಿನಲ್ಲಿ 1895ರಿಂದ 1953ರವರೆಗೆ ಟ್ರಾಮ್ ಓಡಿತು. ನಮ್ಮ ದಂಡು ಪ್ರದೇಶದ ಜನಕ್ಕೆ ಜಟಕಾ, ಆಮೇಲೆ ಬಸ್ಸೇ ಗತಿ. 1940ರಲ್ಲಿ ಬಿ.ಟಿ.ಸಿ. ಕಂಪನಿ 98 ಬಸ್ಸು ಇಟ್ಟುಕೊಂಡು ಶುರುವಾಯಿತು. 1956ರಲ್ಲಿ ಸರ್ಕಾರದ ಕೈಗೆ ಬಂದು ಬಿ.ಟಿ.ಎಸ್. ಆಯಿತು. 1997ರಿಂದ ಬಿ.ಎಂ.ಟಿ.ಸಿ. ಡಬಲ್ ಡೆಕ್ಕರಿನ ಮಹಡಿಯಲ್ಲಿ ಮುಂದಿನ ಸೀಟಿಗೆ ಹುಡುಗರ ಕಿತ್ತಾಟ, ಟಿಕೆಟ್ಟಿನ ಹಿಂದೆ ಕಂಡಕ್ಟರು ಗೀಚಿಕೊಟ್ಟ ಬಾಕಿ ಚಿಲ್ಲರೆ, ಇವನ್ನು ಮರೆತವರುಂಟೆ?

ಊರಿನ ಪೂರ್ವ ಭಾಗ ಗಾಡಿಗಳ ಸೀಮೆ. 1864ರಲ್ಲಿ ಜೋಲಾರಪೇಟೆಯಿಂದ ಬಂದ ಮೊದಲ ರೈಲು ನಿಂತದ್ದು ಕಂಟೋನ್ಮೆಂಟಿನಲ್ಲಿ. ಎಚ್.ಎ.ಎಲ್. ಕಾರ್ಖಾನೆ ವಿಮಾನದ ಜತೆಗೆ ರೈಲು ಬೋಗಿ, ಬಸ್ ಬಾಡಿಗಳನ್ನೂ ಕಟ್ಟಿತು. 1964ರಲ್ಲಿ ಹುಟ್ಟಿದ ಬೆಮೆಲ್, ತಿಪ್ಪಸಂದ್ರದ ಪಕ್ಕದಲ್ಲೇ ಬೋಗಿ ಕೆಲಸ ಮುಂದುವರಿಸಿತು. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರು ಹಾದು ಎಂ.ಜಿ. ರಸ್ತೆಗೆ ಬಂದ ಮೊದಲ ಮೆಟ್ರೋದ ಬೋಗಿಗಳೂ ಬೆಮೆಲ್‌ನವೇ.

ವಿಮಾನಕ್ಕೆ ಎಚ್.ಎ.ಎಲ್.ನಲ್ಲಿ 2001ರಿಂದ ಮ್ಯೂಸಿಯಂ ಇದೆ. ರೈಲಿಗೆ ಮೈಸೂರಿನಲ್ಲಿ 1979ರಿಂದ ಇದೆ. ಮಹಾರಾಣಿಯವರು ಕೂತ ಸಲೂನು ಅಲ್ಲಿ ಭದ್ರವಾಗಿದೆ. ಬಹಳ ಸಂತೋಷ. ಆದರೆ ನಾವು ನೀವು ಫುಟ್‌ಬೋರ್ಡಿನಲ್ಲಿ ನೇತಾಡಿದ ಬಸ್ಸಿನ ಗತಿ? ಸರ್ಕಾರಿ ಗಾಡಿಗೆ 15 ವರ್ಷ ದಾಟಿದರೆ ಗುಜರಿ ಎಂಬ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹೀಗೇ ಬಿಟ್ಟರೆ ಮೊಮ್ಮಕ್ಕಳಿಗೆ ತೋರಿಸಲು ಫೋಟೋ ಮಾತ್ರ ಉಳಿದೀತು.

ನಮ್ಮ ಬೇಡಿಕೆ ದೊಡ್ಡದಲ್ಲ. ಶಿವಾಜಿನಗರ ಬಸ್ ನಿಲ್ದಾಣದ ಒಂದು ಮೂಲೆಯಲ್ಲಿ ಒಂದೇ ಒಂದು ಹಳೇ ಬಸ್ಸು ನಿಲ್ಲಿಸಿ. ಒಳಗೆ ಟಿಕೆಟ್ ಪೆಟ್ಟಿಗೆ, ಪಂಚು, ಸೀಟಿ, ರೂಟ್ ಬೋರ್ಡು ಇಡಿ. ವಿವರ ಹೇಳಲು ನಿವೃತ್ತ ಕಂಡಕ್ಟರನ್ನು ಕೂರಿಸಿ. ಅವರಿಗಿಂತ ಚೆನ್ನಾಗಿ ಹೇಳುವವರು ಸಿಗಲಾರರು. ಬಿಡಿಭಾಗ ಬೇಕೆ? ಗುಜರಿ ಬಜಾರು ಪಕ್ಕದಲ್ಲೇ ಇದೆ. ನೋಡಲು ಬಂದವರು ಸುಮ್ಮನೆ ಹೋಗುತ್ತಾರೆಯೇ? ಒಂದು ಟೀ ಕುಡಿದು, ಮಕ್ಕಳಿಗೆ ಏನಾದರೂ ಕೊಡಿಸಿಯೇ ಹೋಗುತ್ತಾರೆ. ಅಂಗಡಿಯವರಿಗೂ ನಾಲ್ಕು ಕಾಸು.

"ಮೊದಲು ಟೈಮಿಗೆ ಸರಿಯಾಗಿ ಬಸ್ ಬಿಡ್ಲಿ, ಆಮೇಲೆ ಮ್ಯೂಸಿಯಂ" ಎನ್ನುವವರ ಮಾತೂ ನ್ಯಾಯವೇ. ಬಿಡಲೇಬೇಕು. ಆದರೆ ಗುಜರಿಗೆ ಬಿದ್ದ ಬಸ್ಸು ನಮ್ಮನ್ನು ಕೆ.ಆರ್. ಪುರಕ್ಕೆ ಹೇಗೂ ಒಯ್ಯುವುದಿಲ್ಲ. ಅದನ್ನು ನಿಲ್ಲಿಸಿಕೊಂಡರೆ ಯಾವ ರೂಟಿಗೂ ನಷ್ಟವಿಲ್ಲ. ಹೋಗುವುದು ಗುಜರಿ ಬೆಲೆ ಅಷ್ಟೇ.

ಸಾವಿರಾರು ಬಸ್ಸಿನ ಸಂಸ್ಥೆಗೆ ಒಂದು ಬಸ್ಸು ಹೆಚ್ಚೇ? ಸಂಬಂಧಪಟ್ಟವರು ಹರಾಜಿನ ಪಟ್ಟಿಗೆ ರುಜು ಹಾಕುವ ಮುನ್ನ ಯೋಚಿಸಲಿ.